ತಾಂಡೇಲನಿಲ್ಲದ ದೋಣಿ

ಮುಂಗಾರು ಬಲಗೊಂಡೊಡನೆ ನಮ್ಮ ಕರಾವಳಿಯ ಊರುಗಳಲ್ಲಿ ಪ್ರತಿವರ್ಷವೂ ಕಾಣುವ ದೃಶ್ಯವೊಂದಿದೆ. ಹೊಳೆ ಉಕ್ಕಿ ಮನೆಯಂಗಳಕ್ಕೆ ನೀರು ನುಗ್ಗಿದಾಗ, ಗುಡ್ಡ ಜರಿದು ರಸ್ತೆ ಮುಚ್ಚಿದಾಗ, ಬಾವಿಗಿಳಿದವನು ಮೇಲೆ ಬಾರದಿದ್ದಾಗ, ಅಗ್ನಿಶಾಮಕ ದಳದ ವಾಹನ ಬರುವುದಕ್ಕೆ ಮೊದಲೇ ಊರಿನ ನಾಲ್ಕಾರು ಯುವಕರು ಹಗ್ಗ, ಟ್ಯೂಬು, ಹಾರೆ ಹಿಡಿದು ಓಡಿಬಂದಿರುತ್ತಾರೆ. ಅವರಲ್ಲಿ ಇಗರ್ಜಿಯ ಯುವಜನ ಸಂಘದವರಿರುತ್ತಾರೆ, ಭಜನಾ ಮಂದಿರದವರಿರುತ್ತಾರೆ, ಮಸೀದಿಯ ಬಳಗದವರಿರುತ್ತಾರೆ. ಆ ಗಳಿಗೆಯಲ್ಲಿ ಯಾರೂ ಯಾರ ಜಾತಿಮತವನ್ನೂ ವಿಚಾರಿಸುವುದಿಲ್ಲ. ಮಾರನೆಯ ದಿನ ಪತ್ರಿಕೆಯಲ್ಲಿ ಅವರ ಭಾವಚಿತ್ರ ಪ್ರಕಟವಾಗುತ್ತದೆ. ಕೆಲವು ವಾರಗಳಲ್ಲಿ ಶಾಲು, ಹಾರ, ಫಲತಾಂಬೂಲಗಳೊಂದಿಗೆ ಸನ್ಮಾನವೂ ನಡೆಯುತ್ತದೆ.

ಇದೆಲ್ಲವೂ ಅವರಿಗೆ ಸಲ್ಲಬೇಕಾದ ಗೌರವವೇ. ಆದರೆ ಆ ಸನ್ಮಾನ ಸಭೆಯಲ್ಲಿ ಯಾರೂ ಕೇಳದ ಕೆಲವು ಪ್ರಶ್ನೆಗಳಿವೆ. ನೀರಿಗಿಳಿದವರು ಎಷ್ಟು ಮಂದಿ, ಮೇಲೆ ಬಂದವರು ಎಷ್ಟು ಮಂದಿ ಎಂಬ ಲೆಕ್ಕವನ್ನು ಯಾರು ಇಟ್ಟಿದ್ದರು? ‘ಇನ್ನು ಸಾಕು, ಮೇಲೆ ಬನ್ನಿ’ ಎಂದು ಆಜ್ಞಾಪಿಸುವ ಅಧಿಕಾರ ಯಾರಿಗಿತ್ತು? ಅಂಥ ಮಾತು ಬಂದಿದ್ದರೆ ಉಳಿದವರು ಕೇಳುತ್ತಿದ್ದರೇ? ಒಂದು ವೇಳೆ ಅವರಲ್ಲೊಬ್ಬ ಮರಳಿ ಬಾರದೆ ಹೋಗಿದ್ದರೆ ಅವನ ಮನೆಯವರಿಗೆ ಆಧಾರ ಯಾರಾಗುತ್ತಿದ್ದರು? ಸ್ವಯಂಸೇವಾ ರಕ್ಷಣಾ ತಂಡಗಳ ಬಗ್ಗೆ ಈ ವಾರ ನಾವು ಓದುಗರ ಮುಂದಿಡಬಯಸುವ ವಿಚಾರ ಇದೇ. ಇವು ಅಪ್ರಿಯವಾದ ಪ್ರಶ್ನೆಗಳು. ಆದರೆ ಜಗತ್ತಿನ ಅನೇಕ ಕಡೆ ಈ ಪ್ರಶ್ನೆಗಳನ್ನು ಸಾವಿನ ಅನಂತರವೇ ಕೇಳಲಾಯಿತೆಂಬುದನ್ನು ನೆನೆದರೆ, ಅವನ್ನು ಮುಂಚಿತವಾಗಿ ಕೇಳಿಕೊಳ್ಳುವುದೇ ವಿವೇಕವೆನಿಸುತ್ತದೆ.

ಹುಟ್ಟಿನಲ್ಲೇ ಇದ್ದ ಪಾಠ

ಅಮೆರಿಕದಲ್ಲಿ ‘ರೆಸ್ಕ್ಯೂ ಸ್ಕ್ವಾಡ್’ ಎಂದು ಕರೆಯುವ ಸ್ವಯಂಸೇವಾ ತಂಡಗಳ ಇತಿಹಾಸ ವರ್ಜೀನಿಯಾ ರಾಜ್ಯದ ರೋನೋಕ್ ನಗರಕ್ಕೆ ಸೇರಿದ್ದು. 1909ರಲ್ಲಿ ಅಲ್ಲಿಯ ನದಿಯಲ್ಲಿ ಪುಟ್ಟ ದೋಣಿಯೊಂದು ಮಗುಚಿ ಇಬ್ಬರು ಮುಳುಗಿಹೋದರು. ದಡದಲ್ಲಿ ಜನರಿದ್ದರು, ಆದರೆ ಏನು ಮಾಡಬೇಕೆಂದು ತಿಳಿದವರು ಇರಲಿಲ್ಲ. ಅದನ್ನು ಕಣ್ಣಾರೆ ಕಂಡ ಬಾಲಕ ಜೂಲಿಯನ್ ಸ್ಟಾನ್ಲಿ ವೈಸ್ ಮುಂದೆ ರೈಲ್ವೆ ನೌಕರನಾಗಿ, 1928ರಲ್ಲಿ ತನ್ನ ಸಹೋದ್ಯೋಗಿಗಳನ್ನು ಕಟ್ಟಿಕೊಂಡು ಜೀವರಕ್ಷಣೆ ಮತ್ತು ಪ್ರಥಮ ಚಿಕಿತ್ಸೆಯ ತಂಡವನ್ನು ಸ್ಥಾಪಿಸಿದನು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದಡದಲ್ಲಿ ನಿಂತಿದ್ದವರಿಗೆ ಕನಿಕರದ ಕೊರತೆ ಇರಲಿಲ್ಲ, ತಿಳಿವಳಿಕೆಯ ಕೊರತೆ ಇತ್ತು. ವೈಸ್ ಕಟ್ಟಿದ ತಂಡ ಆ ಕೊರತೆಯನ್ನು ತುಂಬಲೆಂದೇ ಹುಟ್ಟಿತು. ಕಲಿತವರ ಕೂಟವಾಗಿರಬೇಕೆಂಬುದು ಸ್ವಯಂಸೇವಾ ರಕ್ಷಣಾ ತಂಡದ ಮೂಲ ಕಲ್ಪನೆಯಲ್ಲಿಯೇ ಅಡಗಿದೆ.

ಈ ಮೂಲ ಕಲ್ಪನೆಯನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ನಮ್ಮ ಊರಿನ ಬಾವಿಗಳೇ ಸಾಕ್ಷಿ. ಗಾಳಿಯಾಡದ ಬಾವಿಗೆ ಕೆಸರು ತೆಗೆಯಲು ಒಬ್ಬನು ಇಳಿದು ಪ್ರಜ್ಞೆ ತಪ್ಪುತ್ತಾನೆ. ಅವನನ್ನೆತ್ತಲು ತಮ್ಮನು ಇಳಿಯುತ್ತಾನೆ. ತಮ್ಮನನ್ನೆತ್ತಲು ನೆರೆಮನೆಯವನು ಇಳಿಯುತ್ತಾನೆ. ಒಂದು ಹೆಣ ಬೀಳಬೇಕಾದಲ್ಲಿ ಮೂರು ಬೀಳುತ್ತವೆ. ಇದು ನಮ್ಮ ನಾಡಿನ ದುರ್ದೈವ ಮಾತ್ರವಲ್ಲ. ಇಂಥ ಇಕ್ಕಟ್ಟಾದ, ಗಾಳಿಯಾಡದ ಸ್ಥಳಗಳಲ್ಲಿ ಸಾಯುವವರ ಪೈಕಿ ಶೇಕಡಾ 60ಕ್ಕೂ ಹೆಚ್ಚು ಮಂದಿ ಒಳಗಿದ್ದವರನ್ನು ಕಾಪಾಡಲು ಹೋದವರೆಂದು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಎಚ್ಚರಿಸಿತ್ತು. ಕಾಪಾಡಲು ಹೋದವನ ಕರುಣೆಯೇ ಅವನಿಗೆ ಮೃತ್ಯುವಾಯಿತು ಎಂದು ಮರುಗಿ ಸುಮ್ಮನಾದರೆ ಸಾಲದು. ‘ಇಳಿಯಬೇಡ, ಮೊದಲು ಗಾಳಿ ಪರೀಕ್ಷಿಸು’ ಎಂದು ಅವನ ತೋಳು ಹಿಡಿದು ನಿಲ್ಲಿಸುವವನೊಬ್ಬ ಅಲ್ಲಿ ಇರಲಿಲ್ಲ ಎಂಬುದೇ ನಿಜವಾದ ಕಾರಣ.

ಇಪ್ಪತ್ತೆರಡು ನಿಮಿಷಗಳು

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ವೆಸ್ಟ್ ಎಂಬ ಪುಟ್ಟ ಪಟ್ಟಣವಿದೆ. ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟದು. ಚೆಕ್ ದೇಶದಿಂದ ವಲಸೆ ಬಂದ ರೈತ ಕುಟುಂಬಗಳು ಬೆಳೆಸಿದ ಊರು ಅದು. ಅಲ್ಲಿಯ ಅಗ್ನಿಶಾಮಕ ದಳ ಸಂಪೂರ್ಣವಾಗಿ ಸ್ವಯಂಸೇವಕರದು. ಹಗಲಿನಲ್ಲಿ ತಮ್ಮ ತಮ್ಮ ಉದ್ಯೋಗ ನೋಡಿಕೊಂಡು, ಕರೆ ಬಂದಾಗ ಓಡಿಬರುವ ಸಾಮಾನ್ಯ ಜನ.

2013ರ ಏಪ್ರಿಲ್ 17ರಂದು ಸಂಜೆ 7 ಗಂಟೆ 29 ನಿಮಿಷಕ್ಕೆ ಊರಂಚಿನ ರಸಗೊಬ್ಬರ ದಾಸ್ತಾನಿಗೆ ಬೆಂಕಿ ಬಿದ್ದ ಸುದ್ದಿ ಬಂತು. ಸ್ವಯಂಸೇವಕರು ಕೂಡಲೇ ಧಾವಿಸಿದರು. ಒಳಗೆ ಮರದ ಕಣಜಗಳಲ್ಲಿ ಹಲವು ಟನ್ ಅಮೋನಿಯಂ ನೈಟ್ರೇಟ್ ರಾಶಿ ಬಿದ್ದಿತ್ತು. 7 ಗಂಟೆ 51 ನಿಮಿಷಕ್ಕೆ ಅದು ಸ್ಫೋಟಿಸಿತು. ಶಾಲೆ, ವೃದ್ಧರ ಶುಶ್ರೂಷಾಲಯ, ವಸತಿ ಕಟ್ಟಡ ಎಲ್ಲವೂ ಜಖಂಗೊಂಡವು. 260ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರು 15 ಮಂದಿ. ಅವರಲ್ಲಿ 12 ಮಂದಿ ಬೆಂಕಿ ನಂದಿಸಲೆಂದೂ ನೆರವಾಗಲೆಂದೂ ಬಂದವರು.

ಬೆಂಕಿಯನ್ನು ಯಾರೋ ಉದ್ದೇಶಪೂರ್ವಕವಾಗಿ ಹಚ್ಚಿದರೆಂದು 2016ರಲ್ಲಿ ಅಲ್ಲಿಯ ಒಕ್ಕೂಟ ಸರಕಾರದ ತನಿಖಾಧಿಕಾರಿಗಳು ಹೇಳಿದರು. ಅದು ಬೇರೆಯೇ ವಿಷಯ. ನಮಗೆ ಮುಖ್ಯವಾದದ್ದು ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ಅದೇ ವರ್ಷ ಹೊರತಂದ ವರದಿ. ಸತ್ತವರ ಧೈರ್ಯದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಆದರೆ ವರದಿ ಎತ್ತಿ ತೋರಿಸಿದ ಕೊರತೆಗಳನ್ನು ನೋಡಿ: ಸ್ಥಳದಲ್ಲಿ ಸ್ಪಷ್ಟವಾದ ಆಜ್ಞಾವ್ಯವಸ್ಥೆ ಇರಲಿಲ್ಲ; ಆ ರಸಗೊಬ್ಬರ ಸ್ಫೋಟಿಸಬಲ್ಲದೆಂಬ ಅರಿವು ಇರಲಿಲ್ಲ; ಅಪಾಯಕಾರಿ ರಾಸಾಯನಿಕಗಳನ್ನು ಎದುರಿಸುವ ತರಬೇತಿ ಸಾಲದಾಗಿತ್ತು; ಅಂಥ ದಾಸ್ತಾನು ಊರಿನಲ್ಲಿದ್ದರೂ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಮುಂಚಿತವಾಗಿ ಯೋಜಿಸಿರಲಿಲ್ಲ. ಸ್ವಯಂಸೇವಾ ಅಗ್ನಿಶಾಮಕರಿಗೆ ಇಂತಿಷ್ಟು ಕನಿಷ್ಠ ತರಬೇತಿ ಇರಲೇಬೇಕೆಂಬ ರಾಜ್ಯದ ಕಾನೂನು ಟೆಕ್ಸಾಸಿನಲ್ಲಿ ಆಗ ಇರಲಿಲ್ಲ.

ಇಪ್ಪತ್ತೆರಡು ನಿಮಿಷಗಳ ಅವಧಿ ಅಲ್ಪವಾದುದು. ಆದರೆ ಅಪಾಯವನ್ನು ಅರಿತ ಒಬ್ಬ ನಾಯಕ, ‘ಕಟ್ಟಡ ಹೋದರೆ ಹೋಗಲಿ, ಎಲ್ಲರೂ ಹಿಂದೆ ಸರಿಯಿರಿ, ಸುತ್ತಲಿನ ಮನೆಗಳನ್ನು ಖಾಲಿ ಮಾಡಿಸಿರಿ’ ಎಂದು ಹೇಳಲು ಅದರಲ್ಲಿ ಒಂದೆರಡು ನಿಮಿಷ ಸಾಕಾಗುತ್ತಿತ್ತು. ಅಂಥ ನಿರ್ಧಾರ ಬೆಂಕಿಯ ಮುಂದೆ ನಿಂತಾಗ ಹೊಳೆಯುವಂಥದಲ್ಲ. ತಿಂಗಳುಗಟ್ಟಲೆ ಮೊದಲೇ ಕುಳಿತು ಚಿಂತಿಸಿದವರಿಗೆ ಮಾತ್ರ ಅದು ಸಾಧ್ಯ. ಸತ್ತವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರಿಗೆ ಕಲಿಸಬೇಕಾದವರು ಕಲಿಸಿರಲಿಲ್ಲ ಎಂಬುದೇ ಇಲ್ಲಿಯ ದುರಂತ.

ಗಾಳಿ ತಿರುಗಿದ ಸುದ್ದಿ

ಇದಕ್ಕಿಂತ ಹದಿನಾಲ್ಕು ವರ್ಷ ಹಿಂದೆ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿಯೂ ಇಂಥದೇ ಪಾಠ ದೊರೆತಿತ್ತು. 1998ರ ಡಿಸೆಂಬರ್ 2ರಂದು ಲಿಂಟನ್ ಎಂಬಲ್ಲಿ ಕಾಡ್ಗಿಚ್ಚು ಹಬ್ಬಿತು. ಗೀಲಾಂಗ್ ವೆಸ್ಟ್ ದಳದ ಐವರು ಸ್ವಯಂಸೇವಕರು ತಮ್ಮ ಟ್ಯಾಂಕರಿನೊಂದಿಗೆ ಅಲ್ಲಿದ್ದರು. ಸಂಜೆಯ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು. ಬೆಂಕಿ ಅವರ ಟ್ಯಾಂಕರನ್ನು ಆವರಿಸಿ ಐವರೂ ಅಸುನೀಗಿದರು.

ಗಾಳಿ ತಿರುಗಲಿದೆ ಎಂಬುದು ಅನಿರೀಕ್ಷಿತವಾಗಿರಲಿಲ್ಲ. ಆ ಎಚ್ಚರಿಕೆ ಬೆಂಕಿಯ ಅಂಚಿನಲ್ಲಿ ದುಡಿಯುತ್ತಿದ್ದ ಎಲ್ಲರಿಗೂ ಸರಿಯಾಗಿ ತಲುಪಿತೇ ಎಂಬುದು ಅನಂತರದ ವಿಚಾರಣೆಯ ದೊಡ್ಡ ಪ್ರಶ್ನೆಯಾಯಿತು. ದೀರ್ಘ ವಿಚಾರಣೆಯ ಬಳಿಕ ವರದಿ 2002ರಲ್ಲಿ ಹೊರಬಿತ್ತು. ಸ್ವಯಂಸೇವಕರಿಗೂ ಕನಿಷ್ಠ ಕೌಶಲ ತರಬೇತಿ ಆಗಲೇಬೇಕೆಂಬ ನಿಯಮ ಅಲ್ಲಿ ಬಲವಾಗಿ ಜಾರಿಗೆ ಬಂತು. ಬೆಂಕಿಗೆ ನೀರು ಹಾಯಿಸುವಾಗ ಟ್ಯಾಂಕರನ್ನು ಪೂರ್ತಿ ಬರಿದುಮಾಡದೆ, ಸಿಬ್ಬಂದಿಯ ಸ್ವಂತ ರಕ್ಷಣೆಗೆಂದು ಒಂದಿಷ್ಟು ನೀರನ್ನು ಸದಾ ಉಳಿಸಿಕೊಳ್ಳಬೇಕೆಂಬ ಪದ್ಧತಿಯೂ ರೂಢಿಗೆ ಬಂತು.

ಈ ಕೊನೆಯ ನಿಯಮವನ್ನು ನಾವು ಸ್ವಲ್ಪ ಹೊತ್ತು ಮನನ ಮಾಡಬೇಕು. ಎಲ್ಲವನ್ನೂ ಸುರಿದು ಕೊಡುವುದೇ ಸೇವೆಯೆಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ತನಗಾಗಿ ಒಂದಿಷ್ಟು ಉಳಿಸಿಕೊಳ್ಳುವುದು ಸ್ವಾರ್ಥವೆಂದು ತೋರುತ್ತದೆ. ಆದರೆ ರಕ್ಷಕನೇ ಬಿದ್ದರೆ, ಅವನನ್ನೆತ್ತಲು ಇನ್ನೊಂದು ತಂಡ ಬರಬೇಕಾಗುತ್ತದೆ. ಮೊದಲು ಅಪಾಯದಲ್ಲಿದ್ದವರಿಗೆ ಒದಗಬೇಕಾಗಿದ್ದ ಕೈಗಳು ಅವನ ಕಡೆಗೆ ತಿರುಗುತ್ತವೆ. ಆದುದರಿಂದ ರಕ್ಷಕನ ಸುರಕ್ಷತೆ ಸೇವೆಯದೇ ಒಂದು ಭಾಗ.

‘ನೀನು ಬರಬೇಡ’ ಎಂದ ನಾಯಕ

ನಾಯಕತ್ವವೆಂದರೆ ಮುಂದೆ ನುಗ್ಗುವುದು ಮಾತ್ರವಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ 1981ರ ಡಿಸೆಂಬರ್ 19ರ ರಾತ್ರಿ ನಡೆದ ಘಟನೆಯನ್ನು ಮೀನುಗಾರಿಕೆಯ ನಂಟುಳ್ಳ ನಮ್ಮ ಓದುಗರು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು. ಭೀಕರ ಬಿರುಗಾಳಿಯಲ್ಲಿ ‘ಯೂನಿಯನ್ ಸ್ಟಾರ್’ ಎಂಬ ಸರಕು ಹಡಗು ಎಂಜಿನ್ ಕೆಟ್ಟು ಬಂಡೆಗಳತ್ತ ತೇಲುತ್ತಿತ್ತು. ಅದರಲ್ಲಿ ಎಂಟು ಮಂದಿ ಇದ್ದರು. ಹೆಲಿಕಾಪ್ಟರಿನಿಂದ ಅವರನ್ನು ಎತ್ತಲಾಗಲಿಲ್ಲ. 1824ರಲ್ಲಿ ಸ್ಥಾಪಿತವಾದ, ಇಂದಿಗೂ ಬಹುಪಾಲು ಸ್ವಯಂಸೇವಕರಿಂದಲೇ ನಡೆಯುವ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯ ‘ಸೋಲೊಮನ್ ಬ್ರೌನ್’ ರಕ್ಷಣಾ ದೋಣಿ ಹೊರಡಲು ಸಿದ್ಧವಾಯಿತು.

ದೋಣಿಯ ನಾಯಕ ಟ್ರೆವೆಲಿಯನ್ ರಿಚರ್ಡ್ಸ್ ತನ್ನೊಂದಿಗೆ ಏಳು ಮಂದಿಯನ್ನು ಆರಿಸಿಕೊಂಡನು. ತಂದೆಯೂ ಮಗನೂ ಒಟ್ಟಿಗೆ ಓಡಿಬಂದಿದ್ದರು. ರಿಚರ್ಡ್ಸ್ ತಂದೆಯನ್ನು ಕರೆದೊಯ್ದು, ಹದಿಹರೆಯದ ಮಗನನ್ನು ದಡದಲ್ಲಿ ಬಿಟ್ಟನು. ಇಂಥ ರಾತ್ರಿಯಲ್ಲಿ ಒಂದೇ ಮನೆಯ ಇಬ್ಬರು ಹೋಗಬಾರದೆಂಬುದು ಅವನ ನಿರ್ಧಾರವಾಗಿತ್ತು. ದೋಣಿ ಹಡಗಿನ ನಾಲ್ವರನ್ನು ತನ್ನೊಳಕ್ಕೆ ಸೆಳೆದುಕೊಂಡ ಬಳಿಕ ಸಂಪರ್ಕ ಕಡಿದುಹೋಯಿತು. ದೋಣಿಯ ಎಂಟು ಮಂದಿ, ಹಡಗಿನ ಎಂಟು ಮಂದಿ, ಒಟ್ಟು ಹದಿನಾರು ಜೀವಗಳು ಕಡಲಿನ ಪಾಲಾದವು. ಮೌಝಲ್ ಎಂಬ ಆ ಬೆಸ್ತರ ಹಳ್ಳಿ ಆ ವರ್ಷದ ಕ್ರಿಸ್ಮಸ್ಸನ್ನು ಶೋಕದಲ್ಲಿ ಕಳೆಯಿತು. ದಡದಲ್ಲುಳಿದ ಆ ಹುಡುಗ ಮುಂದೆ ಬೆಳೆದು ಅದೇ ಠಾಣೆಯ ರಕ್ಷಣಾ ದೋಣಿಯ ನಾಯಕನಾದನು.

ಎಲ್ಲ ಸಿದ್ಧತೆ ಇದ್ದರೂ ಎಲ್ಲ ಜೀವಗಳೂ ಉಳಿಯುತ್ತವೆಂದು ಯಾರೂ ಭರವಸೆ ಕೊಡಲಾರರು. ಕಡಲು ಅಷ್ಟೊಂದು ದೊಡ್ಡದು. ಆದರೆ ಒಬ್ಬ ನಾಯಕನ ಒಂದು ‘ಬೇಡ’ ಆ ರಾತ್ರಿ ಒಂದು ಮನೆಯ ದೀಪವನ್ನು ಉಳಿಸಿತು. ಆ ಮಾತನ್ನು ಹೇಳುವ ಅಧಿಕಾರ ಅವನಿಗಿತ್ತು. ಕೇಳುವ ಶಿಸ್ತು ಹುಡುಗನಲ್ಲಿತ್ತು. ನಮ್ಮ ಸ್ವಯಂಸೇವಾ ತಂಡಗಳಲ್ಲಿ ಇವೆರಡೂ ಇವೆಯೇ ಎಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾಗಿದೆ.

ಹಲವು ಕೈಗಳು, ಒಂದು ಆಜ್ಞೆ

2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಹನ್ನೆರಡು ಬಾಲಕರೂ ಅವರ ಫುಟ್‌ಬಾಲ್ ತರಬೇತುದಾರನೂ ಸಿಕ್ಕಿಬಿದ್ದ ಸುದ್ದಿಯನ್ನು ಜಗತ್ತೇ ಉಸಿರು ಬಿಗಿಹಿಡಿದು ಅನುಸರಿಸಿತು. ಜೂನ್ 23ರಂದು ಒಳಹೊಕ್ಕವರನ್ನು ಜುಲೈ 2ರಂದು ಪತ್ತೆಹಚ್ಚಿ, ಜುಲೈ 8ರಿಂದ 10ರವರೆಗಿನ ಮೂರು ದಿನಗಳಲ್ಲಿ ಎಲ್ಲರನ್ನೂ ಜೀವಂತವಾಗಿ ಹೊರತರಲಾಯಿತು. ನೌಕಾಪಡೆಯವರು, ಬ್ರಿಟನ್ನಿನಿಂದ ಬಂದ ಹವ್ಯಾಸಿ ಗುಹಾ ಮುಳುಗುಗಾರರು, ಆಸ್ಟ್ರೇಲಿಯದ ವೈದ್ಯರು, ಅಡುಗೆ ಮಾಡಿ ಬಡಿಸಿದ ಹಳ್ಳಿಗರು ಹೀಗೆ ಸಾವಿರಾರು ಜನ ಅಲ್ಲಿ ನೆರೆದಿದ್ದರು. ಅಷ್ಟು ಜನರ ಸದುದ್ದೇಶ ಗೊಂದಲವಾಗಿ ಪರಿಣಮಿಸದಂತೆ, ಅಂದಿನ ಪ್ರಾಂತ್ಯಾಧಿಕಾರಿ ನರೋಂಗ್ಸಾಕ್ ಒಸತ್ತನಕೋರ್ನ್ ಅವರ ಮೇಲ್ವಿಚಾರಣೆಯಲ್ಲಿ ಕಾರ್ಯಾಚರಣೆ ಒಂದೇ ಆಜ್ಞೆಗೆ ಒಳಪಟ್ಟಿತು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಸಮವಸ್ತ್ರವಿಲ್ಲದ ಪರದೇಶಿ ಹವ್ಯಾಸಿಗಳ ಮಾತಿಗೆ ಅಧಿಕಾರದಲ್ಲಿದ್ದವರು ಕೊನೆಗೆ ಕಿವಿಗೊಟ್ಟರು. ಯಾರಿಗೆ ಗುಹೆ ಗೊತ್ತಿತ್ತೋ ಅವರ ಮಾತು ನಡೆಯಿತು.

ಆ ಯಶಸ್ಸಿಗೂ ಬೆಲೆ ತೆರಬೇಕಾಯಿತು. ನೌಕಾಪಡೆಯ ಸೇವೆಯಿಂದ ಹೊರಬಂದು ಸ್ವಯಂಸೇವಕನಾಗಿ ಧಾವಿಸಿದ್ದ ಸಮನ್ ಗುನಾನ್, ಗುಹೆಯೊಳಗೆ ಗಾಳಿಯ ಸಿಲಿಂಡರುಗಳನ್ನಿರಿಸಿ ಹಿಂದಿರುಗುವಾಗ ಜುಲೈ 6ರಂದು ಪ್ರಾಣ ಕಳೆದುಕೊಂಡನು. ನುರಿತವನಿಗೂ ಸಾವು ಬರುತ್ತದೆಂದ ಮೇಲೆ ನುರಿಯದವನ ಪಾಡನ್ನು ಹೇಳಬೇಕೇ?

ಅದೇ ವರ್ಷದ ಆಗಸ್ಟಿನಲ್ಲಿ ನಮ್ಮ ನೆರೆಯ ಕೇರಳ ಜಲಪ್ರಳಯಕ್ಕೆ ತುತ್ತಾದಾಗ, ಅಲ್ಲಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಿಗೇರಿಸಿ ಒಳನಾಡಿಗೆ ಕೊಂಡೊಯ್ದು ಸಾವಿರಾರು ಜೀವಗಳನ್ನು ಉಳಿಸಿದರು. ಕಡಲತೀರದ ಇಗರ್ಜಿಗಳ ಗಂಟೆ, ಧ್ವನಿವರ್ಧಕಗಳ ಕರೆಗೆ ಓಗೊಟ್ಟು ಹೊರಟವರೂ ಅವರಲ್ಲಿ ಬಹಳ ಮಂದಿ. ಅವರ ಸಾಹಸವನ್ನು ಹಾಡಿ ಹೊಗಳಿದವರು ಅನೇಕರು. ಆದರೆ ಅದರ ಹಿಂದಿದ್ದ ಗುಟ್ಟನ್ನು ಗಮನಿಸಿದವರು ಕಡಿಮೆ. ಆ ಮೀನುಗಾರರು ಅಂದು ಹೊಸದಾಗಿ ಸೇರಿದ ಗುಂಪಾಗಿರಲಿಲ್ಲ. ಪ್ರತಿಯೊಂದು ದೋಣಿಯೂ ವರ್ಷಗಳಿಂದ ಕೂಡಿ ದುಡಿದ ಒಂದು ತಂಡವಾಗಿತ್ತು. ತಮ್ಮ ದೋಣಿ ಎಷ್ಟು ಭಾರ ಹೊರಬಲ್ಲುದು, ಯಾವ ಸೆಳವಿನಲ್ಲಿ ಮಗುಚೀತು ಎಂಬುದು ಅವರಿಗೆ ತಿಳಿದಿತ್ತು. ಒಳನಾಡಿನ ಓಣಿ, ತಂತಿಬೇಲಿ, ಬಾವಿಗಳು ಎಲ್ಲಿವೆಯೆಂದು ತೋರಿಸಲು ಸ್ಥಳೀಯರನ್ನು ಜೊತೆಗೆ ಕರೆದುಕೊಂಡರು.

ನಮ್ಮ ಕರಾವಳಿಯ ದೋಣಿಗಳಲ್ಲಿಯೂ ಇದೇ ಕ್ರಮ. ತಾಂಡೇಲನ ಮಾತೇ ಕೊನೆಯ ಮಾತು. ಬಲೆ ಎಳೆಯಬೇಕೋ ಬಿಡಬೇಕೋ, ಮುಂದೆ ಹೋಗಬೇಕೋ ಬಂದರಿಗೆ ತಿರುಗಬೇಕೋ, ತೀರ್ಮಾನ ಅವನದು. ಆದರೆ ಒಳ್ಳೆಯ ತಾಂಡೇಲ ತೀರ್ಮಾನಿಸುವ ಮುಂಚೆ ಹಳಬರ ಮುಖ ನೋಡುತ್ತಾನೆ. ಗಾಳಿಯ ವಾಸನೆ ಹಿಡಿಯಬಲ್ಲವನನ್ನು ಕೇಳುತ್ತಾನೆ. ತಾಂಡೇಲನಿಲ್ಲದ ದೋಣಿಯನ್ನು ಯಾರೂ ಕಡಲಿಗಿಳಿಸುವುದಿಲ್ಲ. ಆದರೆ ತಾಂಡೇಲನಿಲ್ಲದ ರಕ್ಷಣಾ ತಂಡವನ್ನು ನಾವು ಪ್ರತಿ ಮಳೆಗಾಲದಲ್ಲೂ ಹೊಳೆಗಿಳಿಸುತ್ತಿದ್ದೇವೆ.

ಶಿರೂರಿನ ಪ್ರಶ್ನೆ

ಬಹುದೂರದ ಉದಾಹರಣೆಗಳನ್ನೇ ಹೇಳುವುದೇಕೆ? 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಯನ್ನು ಸೇರಿತು. ಹೆದ್ದಾರಿಯ ಬದಿಯಲ್ಲಿದ್ದವರೂ ಆಚೆ ದಡದವರೂ ಬಲಿಯಾದರು. ಕೇರಳದ ಲಾರಿ ಚಾಲಕನೊಬ್ಬನ ಹುಡುಕಾಟ ಎರಡು ತಿಂಗಳನ್ನು ಮೀರಿ ನಡೆದು, ಸೆಪ್ಟೆಂಬರ್ 25ರಂದು ಅವನ ಲಾರಿಯೂ ಶರೀರವೂ ನದಿಯಿಂದ ಮೇಲೆ ಬಂದವು.

ಆ ದಿನಗಳಲ್ಲಿ ಸೇನೆ, ನೌಕಾಪಡೆ, ವಿಪತ್ತು ಸ್ಪಂದನಾ ಪಡೆಗಳೊಂದಿಗೆ ನಮ್ಮ ಕರಾವಳಿಯ ಸ್ವಯಂಸೇವಕರೂ ನೆರೆರಾಜ್ಯದಿಂದ ಬಂದ ಸ್ವಯಂಸೇವಕರೂ ಅಲ್ಲಿದ್ದರು. ನದಿಯ ಸೆಳವು ಎಷ್ಟಿತ್ತೆಂದರೆ ನೌಕಾಪಡೆಯ ಮುಳುಗುಗಾರರೇ ಹಲವು ದಿನ ಕಾಯಬೇಕಾಯಿತು. ಅಂಥ ನೀರಿಗೆ ಸ್ವಯಂಸೇವಕರೊಬ್ಬರು ಇಳಿದರು. ಕಟ್ಟಿದ್ದ ಹಗ್ಗ ತುಂಡಾಗಿ ಕೊಚ್ಚಿಹೋಗುತ್ತಿದ್ದ ಅವರನ್ನು ನೌಕಾಪಡೆಯವರು ಮೇಲೆತ್ತಿದರು. ಮುಂದೆ ಹುಡುಕಾಟದ ಕೊನೆಯ ಹಂತದಲ್ಲಿ ಸ್ವಯಂಸೇವಕರಿಗೂ ಆಡಳಿತಕ್ಕೂ ಭಿನ್ನಾಭಿಪ್ರಾಯ ತಲೆದೋರಿ, ಅದು ಬಹಿರಂಗವಾಗಿ ಕೇಳಿಬಂತು.

ಇದರಲ್ಲಿ ತಪ್ಪು ಯಾರದೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಪ್ರಾಣವನ್ನೇ ಪಣಕ್ಕಿಟ್ಟವರ ನಿಷ್ಠೆಯನ್ನು ಶಂಕಿಸುವುದು ಕೃತಘ್ನತೆಯಾದೀತು. ಜನಸಂದಣಿ, ಒತ್ತಡ, ಮಳೆಗಳ ನಡುವೆ ಕಾರ್ಯಾಚರಣೆ ನಡೆಸಬೇಕಾದ ಅಧಿಕಾರಿಗಳ ಕಷ್ಟವನ್ನೂ ನಾವು ಬಲ್ಲೆವು. ಪ್ರಶ್ನೆ ಇಷ್ಟೇ. ಸ್ವಯಂಸೇವಕ ಯಾರ ಆಜ್ಞೆಗೆ ಒಳಪಟ್ಟವನು, ಅವನ ಅನುಭವದ ಮಾತನ್ನು ಕೇಳಬೇಕಾದವರು ಯಾರು, ಅವನು ನೀರಿಗಿಳಿಯುವುದನ್ನು ತಡೆಯಬೇಕಾದವರು ಯಾರು ಎಂಬುದು ದುರಂತ ನಡೆದ ಮೇಲೆ ಅಲ್ಲಿಯೇ ನಿಂತು ಇತ್ಯರ್ಥಪಡಿಸುವ ವಿಷಯವೇ? ಅದು ಬೇಸಿಗೆಯಲ್ಲಿಯೇ ಕಾಗದದ ಮೇಲೆ ಬರೆದಿಟ್ಟಿರಬೇಕಾದ ವಿಷಯವಲ್ಲವೇ?

ನಾಯಕತ್ವದ ರೋಗಗಳು

ಯಾವುದೇ ಒಂದು ಸಂಘವನ್ನು ಬೆಟ್ಟುಮಾಡಿ ತೋರಿಸದೆ, ಸ್ವಯಂಸೇವಾ ತಂಡಗಳನ್ನು ಸಾಮಾನ್ಯವಾಗಿ ಕಾಡುವ ಕೆಲವು ದೋಷಗಳನ್ನು ಇಲ್ಲಿ ಹೆಸರಿಸಬಹುದು. ಮೊದಲನೆಯದು, ಸ್ಥಾಪಕನೇ ಶಾಶ್ವತ ಅಧ್ಯಕ್ಷನಾಗುವುದು. ಅವನ ಬೆವರಿನಿಂದ ತಂಡ ಹುಟ್ಟಿತೆಂಬುದು ನಿಜ. ಆದರೆ ಪ್ರಶ್ನಿಸುವವನು ದ್ರೋಹಿಯೆನಿಸಿಕೊಳ್ಳುವ ವಾತಾವರಣ ಬೆಳೆದಾಗ, ಹಳೆಯ ಹಗ್ಗ ಸವೆದಿದೆ ಎಂದು ಹೇಳಲೂ ಹುಡುಗರು ಅಂಜುತ್ತಾರೆ. ಎರಡನೆಯದು, ಹಿರಿತನವನ್ನೇ ಪರಿಣತಿಯೆಂದು ಭಾವಿಸುವುದು. ಇಪ್ಪತ್ತು ವರ್ಷಗಳಿಂದ ತಪ್ಪು ರೀತಿಯಲ್ಲಿ ಮಾಡಿದ್ದು ಅನುಭವವೆನಿಸಲಾರದು. ಮೂರನೆಯದು, ಸ್ವಲ್ಪದರಲ್ಲಿ ಪಾರಾದ ಸಂಗತಿಗಳನ್ನು ಮುಚ್ಚಿಡುವುದು. ಇಂದು ಕೂದಲೆಳೆಯಲ್ಲಿ ತಪ್ಪಿದ ಅಪಾಯವೇ ನಾಳಿನ ಸಾವಿನ ಮುನ್ಸೂಚನೆ. ಅದನ್ನು ಕುಳಿತು ಚರ್ಚಿಸುವ ತಂಡ ಬದುಕುತ್ತದೆ. ನಕ್ಕು ಮರೆಯುವ ತಂಡ ಅಳಬೇಕಾಗುತ್ತದೆ. ನಾಲ್ಕನೆಯದು, ಪ್ರಚಾರದ ಪೈಪೋಟಿ. ಒಂದೇ ಹೊಳೆಯ ದಡದಲ್ಲಿ ಎರಡು ಸಂಘಗಳು ನಿಂತು, ಯಾರು ಮೊದಲು ತಲುಪಿದರೆಂದು ಕ್ಯಾಮೆರಾದ ಮುಂದೆ ವಾದಿಸುವುದಕ್ಕಿಂತ ಹೀನವಾದ ಸಂಗತಿ ಇನ್ನೊಂದಿಲ್ಲ. ಐದನೆಯದು, ದಣಿವನ್ನು ಲೆಕ್ಕಿಸದಿರುವುದು. ಇಡೀ ದಿನ ದುಡಿದು ಬಂದವನು ರಾತ್ರಿಯಿಡೀ ಆಂಬುಲೆನ್ಸ್ ಓಡಿಸಿದರೆ, ಒಳಗಿರುವ ರೋಗಿಗೂ ಎದುರು ಬರುವ ವಾಹನಕ್ಕೂ ಅಪಾಯವೇ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪ ಕೇಳಿಬರುತ್ತದೆ. ಹೀಗೆ ನಿಯಮಗಳ ಮೇಲೆ ನಿಯಮ ಹೇರಿದರೆ ಸ್ವಯಂಸೇವೆಗೆ ಯಾರು ಬರುತ್ತಾರೆ? ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಅಮೆರಿಕದಲ್ಲಿ 1984ರಲ್ಲಿ ಸುಮಾರು 9 ಲಕ್ಷದಷ್ಟಿದ್ದ ಸ್ವಯಂಸೇವಾ ಅಗ್ನಿಶಾಮಕರ ಸಂಖ್ಯೆ 2020ರ ವೇಳೆಗೆ 7 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹೆಚ್ಚಿದ ತರಬೇತಿಯ ಹೊರೆಯೂ, ದೂರದ ಊರಿನ ನೌಕರಿ, ಬಿಡುವಿಲ್ಲದ ಸಂಸಾರಗಳೂ ಅದಕ್ಕೆ ಕಾರಣಗಳೆಂದು ಅಲ್ಲಿಯವರು ಹೇಳುತ್ತಾರೆ. ದಿನಗೂಲಿಯ ಹುಡುಗನೊಬ್ಬ ಹನ್ನೆರಡು ದಿನದ ಶಿಬಿರಕ್ಕೆ ಹೋದರೆ ಆ ಹನ್ನೆರಡು ದಿನ ಅವನ ಮನೆಯ ಒಲೆ ಉರಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ನಿಯಮವನ್ನು ಸಡಿಲಿಸುವುದಲ್ಲ, ಆ ಹೊರೆಯಲ್ಲಿ ಪಾಲು ಹೊರುವುದು. ಸನ್ಮಾನಕ್ಕೆ ಶಾಲು ಕೊಳ್ಳುವ ಹಣವನ್ನು ಅವನ ಹನ್ನೆರಡು ದಿನದ ಕೂಲಿಗೆ ಕೊಟ್ಟರೆ ಅದಕ್ಕಿಂತ ದೊಡ್ಡ ಸನ್ಮಾನ ಬೇರೇನಿದೆ?

ನಾವು ಮಾಡಬಹುದಾದದ್ದು

ದಾರಿ ಇಲ್ಲವೆಂದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿದೆ. ರಾಷ್ಟ್ರೀಯ ಪ್ರಾಧಿಕಾರವು 2016ರಲ್ಲಿ ‘ಆಪದ ಮಿತ್ರ’ ಎಂಬ ಯೋಜನೆಯನ್ನು ಪ್ರವಾಹಪೀಡಿತವಾದ 30 ಜಿಲ್ಲೆಗಳಲ್ಲಿ, ಜಿಲ್ಲೆಗೆ 200 ಮಂದಿಯಂತೆ 6,000 ಸ್ವಯಂಸೇವಕರಿಗೆ ತರಬೇತಿ ನೀಡುವ ಗುರಿಯೊಂದಿಗೆ ಆರಂಭಿಸಿತು. ಮುಂದೆ ಅದನ್ನು 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸುವ ನಿರ್ಧಾರವಾಯಿತು. ಅಪಘಾತದಲ್ಲಿ ನೆರವಾದವರಿಗೆ ಕಿರುಕುಳವಾಗದಂತೆ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಅದು ಕಾಯ್ದೆಯ ಭಾಗವಾಯಿತು. ಆದರೆ ಕಾನೂನು ಪೊಲೀಸ್ ಠಾಣೆಯಿಂದ ರಕ್ಷಿಸಬಲ್ಲುದು. ಹೊಳೆಯ ಸುಳಿಯಿಂದ ರಕ್ಷಿಸಲಾರದು. ಆ ಕೆಲಸ ಊರಿನವರದೇ.

ನಮ್ಮ ಧರ್ಮಕೇಂದ್ರಗಳ ಯುವಜನ ಸಂಘಗಳೂ ಸೇರಿದಂತೆ ಪ್ರತಿಯೊಂದು ತಂಡವೂ ಮುಂದಿನ ಮಳೆಗಾಲಕ್ಕೆ ಮುನ್ನ ಕೆಲವು ಸರಳ ಕೆಲಸಗಳನ್ನು ಮಾಡಬಹುದು. ಈಜು ಬಲ್ಲವರು ಯಾರು, ಪ್ರಥಮ ಚಿಕಿತ್ಸೆ ಬಲ್ಲವರು ಯಾರು ಎಂದು ಹೆಸರುಪಟ್ಟಿ ಸಿದ್ಧಪಡಿಸಿ ತಾಲೂಕು ಕಚೇರಿಗೂ ಅಗ್ನಿಶಾಮಕ ಠಾಣೆಗೂ ಕೊಡುವುದು. ಪ್ರತಿ ಕರೆಗೂ ಒಬ್ಬ ನಾಯಕನನ್ನೂ, ಅವನು ಇಲ್ಲದಿದ್ದರೆ ಇನ್ನೊಬ್ಬನನ್ನೂ ಮೊದಲೇ ಗೊತ್ತುಪಡಿಸುವುದು. ನಾಯಕನು ತಾನು ನೀರಿಗಿಳಿಯದೆ ದಡದಲ್ಲಿ ನಿಂತು ಎಲ್ಲರನ್ನೂ ಲೆಕ್ಕವಿಡುವುದು. ಜೀವರಕ್ಷಕ ಕವಚವಿಲ್ಲದೆ ಯಾರೂ ಸೆಳವಿಗೆ ಇಳಿಯಕೂಡದೆಂದು ನಿರ್ಣಯಿಸುವುದು. ತಂಡದ ಅತ್ಯಂತ ಕಿರಿಯನೂ ‘ನಿಲ್ಲಿ’ ಎಂದು ಕೂಗಿದರೆ ಎಲ್ಲರೂ ಒಮ್ಮೆ ನಿಲ್ಲುವುದು. ಕಾರಣವನ್ನು ಆಮೇಲೆ ಕೇಳುವುದು. ಪ್ರತಿಯೊಬ್ಬ ಸದಸ್ಯನಿಗೂ ವಿಮೆ ಮಾಡಿಸುವುದು. ನಾಯಕತ್ವಕ್ಕೆ ಅವಧಿ ಗೊತ್ತುಪಡಿಸಿ, ಲೆಕ್ಕಪತ್ರವನ್ನು ಸಭೆಯ ಮುಂದಿಡುವುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ. ಬೇಕಾದದ್ದು ಬೇಸಿಗೆಯ ಒಂದೆರಡು ಭಾನುವಾರಗಳು ಮತ್ತು ಹೆಮ್ಮೆಯನ್ನು ಬದಿಗಿರಿಸುವ ಮನಸ್ಸು.

ಊರವರಾದ ನಮಗೂ ಒಂದು ಕರ್ತವ್ಯವಿದೆ. ದಡದಲ್ಲಿ ನಿಂತು ‘ಇಳಿಯಿರಿ, ಇಳಿಯಿರಿ, ಏಕೆ ಸುಮ್ಮನಿದ್ದೀರಿ’ ಎಂದು ಕೂಗುವ ಗುಂಪಿನಲ್ಲಿ ನಾವು ಸೇರಬಾರದು. ಸೆಳವು ಇಳಿಯಲೆಂದು ಕಾಯುತ್ತಿರುವ ತಂಡವನ್ನು ಹೇಡಿಗಳೆಂದು ಜರೆಯಬಾರದು. ಹಿಂದೆ ಸರಿಯುವ ನಿರ್ಧಾರ ಕೈಗೊಂಡ ನಾಯಕನನ್ನು, ಮುಂದೆ ನುಗ್ಗಿ ಗೆದ್ದವನಷ್ಟೇ ಗೌರವದಿಂದ ಕಾಣುವುದನ್ನು ಕಲಿಯಬೇಕು. ನೀರಿಗಿಳಿದ ಪ್ರತಿಯೊಬ್ಬನ ಹಿಂದೆಯೂ ಬಾಗಿಲಲ್ಲಿ ದಾರಿ ಕಾಯುವ ತಾಯಿಯೊಬ್ಬಳಿರುತ್ತಾಳೆ. ಅವಳ ಮಗನನ್ನು ಊರಿನ ಕೆಲಸಕ್ಕೆಂದು ಕರೆದವರು ನಾವು. ಕೆಲಸ ಮುಗಿದ ಮೇಲೆ ಅವನನ್ನು ಮನೆಗೆ ಮುಟ್ಟಿಸುವ ಹೊಣೆಯೂ ನಮ್ಮದೇ.